ಅನಾಥ ಯೋಧರ ಅಸ್ಥಿಗಳು

೧

ಮೃತನಿಗೆ ಸಲ್ಲತಕ್ಕ ಸಂಸ್ಕಾರವನ್ನು ಯಾರು ನಡೆಸಬೇಕೆಂಬ ವಿಷಯದಲ್ಲಿ ನಮ್ಮ ಪ್ರಾಚೀನರು ಬಹು ಎಚ್ಚರಿಕೆಯಿಂದ ಕ್ರಮವನ್ನು ವಿಧಿಸಿರುವರು. ಮೊದಲನೆಯ ಅಧಿಕಾರಿಯು ಮಗನು. ಅವನಿಲ್ಲದ ಪಕ್ಷದಲ್ಲಿ ಮೊಮ್ಮಗನು, ಮರಿಮಗನು, ಒಡಹುಟ್ಟಿದವನು, ಅವನ ಸಂತತಿ, ಆಮೇಲೆ ಸಪಿಂಡರು, ಸಮಾನೋದಕರು. ವಿಷ್ಣುಪುರಾಣದ ಮೂರನೆಯ ಅಂಶದಲ್ಲಿ ಈ ಪಟ್ಟಿಯು ಇಷ್ಟಕ್ಕೇ ನಿಲ್ಲದೆ ಮುಂದುವರಿದಿದೆ. ತಂದೆಯ ಕಡೆಯವರೂ ತಾಯಿಯ ಕಡೆಯವರೂ ಇಲ್ಲವಾದರೆ ಸ್ತ್ರೀಯರು ಕ್ರಿಯೆಯನ್ನು ನಡೆಸಬಹುದು, ಅನಂತರ ಮೃತನ ‘ಸಂಘಾತ’ಕ್ಕೆ ಸೇರಿದವರು, ಎಂದರೆ ಅವನೊಡನೆ ಒಂದೇ ಗುಂಪಿನಲ್ಲಿದ್ದವರು, ಆ ಹೊಣೆಯನ್ನು ಹೊರಬೇಕು, ಕಡೆಗೆ ಯಾರೂ ಇಲ್ಲದಿದ್ದಲ್ಲಿ ಅರಸನೇ ಅದನ್ನು ಮಾಡಿಸತಕ್ಕದ್ದು. ಬಂಧುವಿಲ್ಲದವನಿಗೆ ಅರಸನು ಬಂಧುವೆಂಬ ನುಡಿಗೆ ಇಲ್ಲಿ ಬರಿಯ ಹೊಗಳಿಕೆಯ ಅರ್ಥವಿಲ್ಲ; ಅದೊಂದು ಕರ್ತವ್ಯದ ವಿಧಿ.

ಈ ವಿಧಿಯು ಆಚರಣೆಗೆ ಬಂದ ರೀತಿಯನ್ನು ಮಹಾಭಾರತದ ಸ್ತ್ರೀಪರ್ವದಲ್ಲಿ ಕಾಣಬಹುದು. ಯುದ್ಧವು ಮುಗಿದ ಮೇಲೆ ಯುಧಿಷ್ಠಿರನ ಮೊದಲ ಆಜ್ಞೆಗಳಲ್ಲಿ ಒಂದು ಪಟ್ಟಾಭಿಷೇಕದ ಮಾತಲ್ಲ, ಹೆಣಗಳ ಮಾತು. ವಿದುರ, ಸಂಜಯ, ಧೌಮ್ಯ, ಯುಯುತ್ಸು ಮೊದಲಾದವರನ್ನು ಕರೆದು, ನೋಡುವವರಿಲ್ಲದ ಕಾರಣದಿಂದ ಒಂದು ದೇಹವೂ ಕೆಡಬಾರದೆಂದು ಅವನು ಕಟ್ಟಪ್ಪಣೆ ಮಾಡಿದನು. ಹೆಸರಾಂತ ಅರಸರಿಗೆ ಗಂಧ, ಅಗರು, ತುಪ್ಪಗಳಿಂದ ಬೇರೆ ಬೇರೆ ಚಿತೆಗಳಾದುವು. ನಾನಾ ದೇಶಗಳಿಂದ ಬಂದು ಮಡಿದ, ಗುರುತು ಹಿಡಿಯುವವರಿಲ್ಲದ ಸಾಮಾನ್ಯ ಭಟರನ್ನು ವಿದುರನು ಒಟ್ಟುಗೂಡಿಸಿ ಎಣ್ಣೆಯಲ್ಲಿ ನೆನೆದ ಕಟ್ಟಿಗೆಯಿಂದ ದಹಿಸಿದನು. ಅವರಲ್ಲಿ ಎಷ್ಟೋ ಮಂದಿ ಶತ್ರುಪಕ್ಷದವರು. ಆದರೂ ಅಪ್ಪಣೆಯಲ್ಲಿ ಆ ಭೇದವಿರಲಿಲ್ಲ. ಅನಂತರ ಗಂಗೆಯ ದಡದಲ್ಲಿ ಜಲದಾನದ ಸಮಯ ಬಂದಾಗ ಕುಂತಿಯು ಬಾಯಿಬಿಟ್ಟು, ಕರ್ಣನೂ ನಿಮ್ಮ ಅಣ್ಣನೇ, ಅವನಿಗೂ ನೀರು ಬಿಡಿರೆಂದಳು. ಬದುಕಿದ್ದಷ್ಟು ಕಾಲವೂ ತನ್ನವನೆಂದು ಯಾರೂ ಬಹಿರಂಗವಾಗಿ ಹೇಳದಿದ್ದ ಯೋಧನಿಗೆ ವಾರಸುದಾರರು ದೊರೆತದ್ದು ಮರಣಾನಂತರದಲ್ಲಿ.

ಹೀಗೆ ಬಂಧು, ಸಂಘಾತ, ಅರಸು ಎಂಬ ಮೂರು ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಒಡೆಯರಿಲ್ಲದ ಯೋಧರ ಅಸ್ಥಿಯನ್ನು ಕುರಿತು ಕಳೆದ ನೂರು ವರ್ಷಗಳಲ್ಲಿ ಲೋಕವು ಕಲಿತ ಪಾಠವು ಸ್ಪಷ್ಟವಾಗುತ್ತದೆ. ಆ ಪಾಠದಲ್ಲಿ ಬೆಳಗಾವಿಗೂ ಪಾಲುಂಟು.

೨

ಬೆಳಗಾವಿ ಸೀಮೆಯಲ್ಲಿ ಯೋಧನ ಅವಶೇಷವನ್ನು ಜನರೇ ತಮ್ಮದೆಂದು ಸ್ವೀಕರಿಸಿದ ಪ್ರಸಿದ್ಧ ನಿದರ್ಶನವು ಖಾನಾಪುರ ತಾಲೂಕಿನ ನಂದಗಡದಲ್ಲಿದೆ. ಕಿತ್ತೂರಿನ ವೀರನಾದ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರದವರು ೧೮೩೧ನೆಯ ಜನವರಿ ೨೬ರಂದು ಅಲ್ಲಿ ಗಲ್ಲಿಗೇರಿಸಿದರು. ಅವನು ಯಾವ ಸಂಸ್ಥಾನಕ್ಕಾಗಿ ಹೋರಾಡಿದನೋ ಆ ಸಂಸ್ಥಾನವು ಆಗ ಉಳಿದಿರಲಿಲ್ಲ. ಚೆನ್ನಮ್ಮರಾಣಿಯು ೧೮೨೯ರಲ್ಲಿಯೇ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿದ್ದಳು. ಮೆಟ್ಟಿಲುಗಳಲ್ಲಿ ಮೇಲಿನದಾದ ಅರಸೊತ್ತಿಗೆಯೇ ಕುಸಿದುಬಿದ್ದಾಗ ಊರವರು ಆ ಸಮಾಧಿಯನ್ನು ಕಾಯ್ದರು. ಅಲ್ಲಿಯ ಆಲದ ಮರವನ್ನು ರಾಯಣ್ಣನ ಸಂಗಡಿಗನೊಬ್ಬನು ನೆಟ್ಟನೆಂದು ಐತಿಹ್ಯವುಂಟು. ಐತಿಹ್ಯವು ನಿಜವಾದ ಪಕ್ಷದಲ್ಲಿ ‘ಸಂಘಾತ’ದವನೇ ತನ್ನ ಕರ್ತವ್ಯವನ್ನು ನೆರವೇರಿಸಿದಂತಾಯಿತು.

ಆದರೆ ಸ್ವಂತ ನೆಲದಲ್ಲಿ ಮಡಿದವನಿಗೆ ದೊರೆತ ಈ ಭಾಗ್ಯವು ಕಡಲಾಚೆ ಮಡಿದವರಿಗೆ ದೊರೆಯಲಿಲ್ಲ. ೧೯೨೨ರ ಪುನರ್ವ್ಯವಸ್ಥೆಯಲ್ಲಿ ಹಲವು ಮರಾಠಾ ದಂಡುಗಳು ಕೂಡಿ ‘ಐದನೆಯ ಮರಾಠಾ ಲಘು ಪದಾತಿ’ ಎಂಬ ಒಂದು ರೆಜಿಮೆಂಟಾಗಿ, ಅದರ ತರಬೇತಿಯ ಪಲ್ಟಣವು ಬೆಳಗಾವಿಯ ದಂಡುಪ್ರದೇಶದಲ್ಲಿ ನೆಲೆಗೊಂಡಿತು. ಇಂದಿಗೂ ಮರಾಠಾ ರೆಜಿಮೆಂಟಿನ ಕೇಂದ್ರವು ಅಲ್ಲಿಯೇ ಇದೆ. ಅದಕ್ಕೂ ಮುಂಚೆ, ಮೊದಲನೆಯ ಮಹಾಯುದ್ಧದಲ್ಲಿ, ಇದೇ ದಂಡುಗಳ ಪೈಕಿ ೧೦೩, ೧೧೦, ೧೧೭ ಎಂಬ ಸಂಖ್ಯೆಯವು ಮೆಸೊಪೊಟೇಮಿಯಾದ ಕೂಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ, ೧೯೧೬ನೆಯ ಏಪ್ರಿಲ್ ೨೯ರಂದು ತುರ್ಕರಿಗೆ ಸೆರೆಯಾದುವು. ಮರುಭೂಮಿಯ ಹಾದಿಯಲ್ಲಿ ಸೆರೆಯಾಳಾಗಿ ಬಿದ್ದು ಸತ್ತವನ ಅಸ್ಥಿಯನ್ನು ಆಯುವವರಾರು? ಹಳ್ಳಿಯ ಮನೆಯಲ್ಲಿ ದರ್ಭೆಯಿಂದ ಪ್ರತಿಕೃತಿಯನ್ನು ಮಾಡಿ ಸುಡುವ ಪರ್ಣಶರವಿಧಿಯೊಂದೇ ಅಂಥ ಕುಟುಂಬಗಳಿಗೆ ಶಾಸ್ತ್ರವು ತೋರಿದ ದಾರಿ.

ಅದೇ ಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯು ಬೇರೆ ತೆರನಾದುದು. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಹಿಂದೀ ಸಿಪಾಯಿಗಳನ್ನು ಬ್ರೈಟನ್ ಪಟ್ಟಣದ ಆಸ್ಪತ್ರೆಗಳಿಗೆ ಸಾಗಿಸುತ್ತಿದ್ದರು. ಅಲ್ಲಿ ತೀರಿಕೊಂಡವರ ಪೈಕಿ ೫೩ ಮಂದಿ ಹಿಂದೂಗಳನ್ನೂ ಸಿಖ್ಖರನ್ನೂ ಪಟ್ಟಣದ ಹೊರಗಿನ ಪ್ಯಾಚಮ್ ದಿಣ್ಣೆಯ ಮೇಲೆ ದಹಿಸಿ, ಅವರ ಭಸ್ಮವನ್ನು ಸಮುದ್ರಕ್ಕೆ ಬಿಟ್ಟರು. ಮುಸಲ್ಮಾನ ಸಿಪಾಯಿಗಳಿಗೆ ವೋಕಿಂಗಿನ ಬಳಿ ಬೇರೆ ಗೋರಸ್ಥಾನವನ್ನು ಏರ್ಪಡಿಸಿದರು. ಬಯಲಿನಲ್ಲಿ ಹೆಣವನ್ನು ಸುಡುವ ವಾಡಿಕೆಯೇ ಇಲ್ಲದ ದೇಶದಲ್ಲಿ ಇದನ್ನು ನಡೆಸಿಕೊಟ್ಟದ್ದು ಅಲ್ಪವೇನಲ್ಲ. ಚಿತೆಯ ಸ್ಥಳದಲ್ಲಿ ಮುಂಬಯಿಯ ಶಿಲ್ಪಿಯಾದ ಹೆನ್ರಿಕೆಸ್ ಎಂಬವರು ಯೋಜಿಸಿದ ಅಮೃತಶಿಲೆಯ ಛತ್ರಿಯೊಂದು ಎದ್ದು, ೧೯೨೧ನೆಯ ಫೆಬ್ರುವರಿ ೧ರಂದು ಅನಾವರಣವಾಯಿತು. ಆದರೂ ಒಂದು ಕೊರತೆ ಉಳಿಯಿತು. ಛತ್ರಿಯ ಬಳಿ ಸುಟ್ಟವರ ಹೆಸರುಗಳಿರಲಿಲ್ಲ. ಆ ೫೩ ಹೆಸರುಗಳು ಕಲ್ಲಿನಲ್ಲಿ ಮೂಡಿದ್ದು ೨೦೧೦ರಲ್ಲಿ, ಎಂದರೆ ಸುಮಾರು ತೊಂಬತ್ತೈದು ವರ್ಷಗಳ ಮೇಲೆ.

ಇದಕ್ಕಿಂತ ದೊಡ್ಡ ಕೊರತೆಯು ಬಸ್ರಾದಲ್ಲಿ ನಡೆಯಿತು. ೧೯೧೭ನೆಯ ಮೇ ೨೧ರಂದು ರಾಜಶಾಸನದಿಂದ ಸ್ಥಾಪಿತವಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವು, ಸತ್ತವರಲ್ಲಿ ಮೇಲು ಕೀಳೆಂಬ ಭೇದವನ್ನು ಮಾಡುವುದಿಲ್ಲವೆಂಬ ತತ್ತ್ವವನ್ನು ಅಂಗೀಕರಿಸಿತ್ತು. ಆದರೆ ೧೯೨೯ರಲ್ಲಿ ತೆರೆದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಹಿಂದೀ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿ, ಹಿಂದೀ ಸಿಪಾಯಿಗಳನ್ನು ಮಾತ್ರ ಆಯಾ ದಂಡಿನ ಕೆಳಗೆ ಇಷ್ಟು ಜನವೆಂದು ಲೆಕ್ಕ ಹೇಳಿ ಮುಗಿಸಿದರು. ನಲವತ್ತು ಸಾವಿರಕ್ಕೂ ಹೆಚ್ಚು ಮೃತರ ಸ್ಮಾರಕದಲ್ಲಿ ಸಿಪಾಯಿಯು ಒಂದು ಅಂಕಿಯಾಗಿ ಉಳಿದನು. ಅದೇ ಸಂಸ್ಥೆಯು, ಈಗಿನ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು, ೨೦೨೧ನೆಯ ಏಪ್ರಿಲ್ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆಯನ್ನು ಕೇಳಿತು. ಹಿಂದೂಸ್ಥಾನ, ಆಫ್ರಿಕಾ ಮೊದಲಾದ ಕಡೆಗಳ ೪೫,೦೦೦ದಿಂದ ೫೪,೦೦೦ದವರೆಗಿನ ಮೃತರು ಸಮಾನರೀತಿಯಲ್ಲಿ ಸ್ಮರಿಸಲ್ಪಡಲಿಲ್ಲವೆಂದೂ, ಕನಿಷ್ಠ ೧,೧೬,೦೦೦ ಮಂದಿ, ಪ್ರಾಯಶಃ ೩,೫೦,೦೦೦ದವರೆಗೂ, ಹೆಸರಿನಿಂದ ಸ್ಮರಿಸಲ್ಪಡಲಿಲ್ಲ, ಅಥವಾ ಪ್ರಾಯಶಃ ಯಾವ ಬಗೆಯಿಂದಲೂ ಸ್ಮರಿಸಲ್ಪಡಲಿಲ್ಲವೆಂದೂ ಆ ವರದಿಯು ಹೇಳುತ್ತದೆ.

ಬ್ರೈಟನ್ನಿನಲ್ಲಿ ಸಂಸ್ಕಾರವಾಯಿತು, ಹೆಸರು ತಡವಾಯಿತು. ಬಸ್ರಾದಲ್ಲಿ ಲೆಕ್ಕ ಉಳಿಯಿತು, ಹೆಸರು ಮರೆಯಾಯಿತು. ಅಸ್ಥಿಯ ವಿಷಯದಲ್ಲಿ ತಪ್ಪುವುದು ಯಾವಾಗಲೂ ಬೆಂಕಿಯಲ್ಲಲ್ಲ, ಬರೆವಣಿಗೆಯಲ್ಲಿ.

೩

ಎರಡನೆಯ ಮಹಾಯುದ್ಧದಲ್ಲಿ ಬೆಳಗಾವಿಯ ರೆಜಿಮೆಂಟಿನ ಯೋಧರು ಆಫ್ರಿಕಾದ ಎರಿಟ್ರಿಯಾದಲ್ಲಿಯೂ ಇಟಲಿಯಲ್ಲಿಯೂ ಕಾದಿದರು. ೧೯೪೧ನೆಯ ಮಾರ್ಚಿನಲ್ಲಿ ಕೆರೆನ್ ಎಂಬಲ್ಲಿಯ ದುರ್ಗಮವಾದ ಗುಡ್ಡಗಳನ್ನು ಹತ್ತಿ ಹಿಡಿದವರಲ್ಲಿ ಅದರ ಮೂರನೆಯ ಪಲ್ಟಣವು ಪ್ರಮುಖವಾದುದು. ಕೆರೆನ್ನಿನ ಯುದ್ಧಶ್ಮಶಾನದ ಆವರಣದಲ್ಲಿ ದಹನಗೊಂಡ ಹಿಂದೂ ಮತ್ತು ಸಿಖ್ಖ ಯೋಧರಿಗಾಗಿಯೇ ಬೇರೆ ಸ್ಮಾರಕವಿದೆ. ಇಟಲಿಯ ಸಾಂಗ್ರೋ ನದಿಯ ಬಳಿಯಲ್ಲಿ ಅಂಥದೇ ದಹನಸ್ಮಾರಕದಲ್ಲಿ ಐನೂರಕ್ಕೆ ಮೇಲ್ಪಟ್ಟ ಹೆಸರುಗಳಿವೆ. ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆಯವರು ೧೯೪೪ನೆಯ ಜುಲೈ ೧೦ರಂದು ಟೈಬರ್ ನದಿಯ ಮೇಲಣ ಕಣಿವೆಯಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಪಾತ್ರರಾದರು. ಅವರ ನೆನಪಿಗಾಗಿ ಇಟಲಿಯ ಮೊಂಟೋನ್ ಎಂಬ ಊರಿನವರು ೨೦೨೩ರಲ್ಲಿ ನೆರಳುಗಡಿಯಾರವೊಂದನ್ನು ಸ್ಥಾಪಿಸಿದರು. ಹಿಂದಿನ ಯುದ್ಧದ ಪಾಠದಿಂದ ಈ ಸಲ ಹೆಸರುಗಳನ್ನು ಹೆಚ್ಚು ಜತನದಿಂದ ಕಾದಿಟ್ಟಿದ್ದರು.

ಈ ಅನುಭವವು ಶಾಸನದ ರೂಪವನ್ನು ತಾಳಿದ್ದು ೧೯೪೯ನೆಯ ಜಿನೀವಾ ಒಪ್ಪಂದಗಳಲ್ಲಿ. ಮೊದಲನೆಯ ಒಪ್ಪಂದದ ೧೭ನೆಯ ಅನುಚ್ಛೇದವು ಹೇಳುವುದೇನೆಂದರೆ: ರಣದಲ್ಲಿ ಬಿದ್ದವನ ದೇಹವನ್ನು ಸಾಧ್ಯವಾದಷ್ಟು ಒಂದೊಂದಾಗಿಯೇ ಸಂಸ್ಕರಿಸಬೇಕು, ಮೊದಲು ಪರೀಕ್ಷಿಸಿ ಮರಣವನ್ನೂ ಗುರುತನ್ನೂ ನಿಶ್ಚಯಿಸಬೇಕು, ಆರೋಗ್ಯರಕ್ಷಣೆಯ ಅನಿವಾರ್ಯವಿಲ್ಲದೆ, ಅಥವಾ ಮೃತನ ಧರ್ಮವು ವಿಧಿಸಿದ ಹೊರತು, ಸುಡಕೂಡದು, ಸುಟ್ಟರೆ ಅದರ ಕಾರಣವನ್ನು ಮರಣಪತ್ರದಲ್ಲಿ ಬರೆಯಬೇಕು, ಭಸ್ಮವನ್ನು ಸಮಾಧಿಗಳ ನೋಂದಣಿಯ ಇಲಾಖೆಯವರು, ಮೃತನ ಸ್ವದೇಶದ ಇಚ್ಛೆಯು ತಿಳಿಯುವ ತನಕ, ಕಾದಿಡಬೇಕು. ಈ ಕಡೆಯ ಮಾತನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಬಂಧುವು ಬಾರದಿರುವಾಗ ಭಸ್ಮವು ಕಸವಾಗುವುದಿಲ್ಲ, ನ್ಯಾಸವಾಗುತ್ತದೆ. ಶತ್ರುವೇ ಅದರ ನ್ಯಾಸಧಾರಿಯಾಗುತ್ತಾನೆ. ಯುಧಿಷ್ಠಿರನ ಅಪ್ಪಣೆಗೂ ಇದಕ್ಕೂ ಇರುವ ಅಂತರವು ಕಾಲದ್ದೇ ಹೊರತು ತತ್ತ್ವದ್ದಲ್ಲ. ಭಾರತವು ೧೯೬೦ರಲ್ಲಿ ಜಿನೀವಾ ಒಪ್ಪಂದಗಳ ಶಾಸನವನ್ನು ಮಾಡಿ ಈ ಧರ್ಮವನ್ನು ತನ್ನ ಕಾನೂನಿಗೆ ಸೇರಿಸಿಕೊಂಡಿತು.

ಇಂಥ ನ್ಯಾಸವು ಎಷ್ಟು ಕಾಲದ ಮೇಲೂ ಒಡೆಯನನ್ನು ಸೇರಬಹುದೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ೧೯೪೪ರಲ್ಲಿ ಇಟಲಿಯ ಪೊಜ್ಜಿಯೋ ಆಲ್ಟೋ ಎಂಬಲ್ಲಿ ಕಾಣೆಯಾದ ಹರಿಯಾಣಾ ಸೀಮೆಯ ಇಬ್ಬರು ಸಿಪಾಯಿಗಳ ಎಲುಬುಗಳು ೧೯೯೬ರಲ್ಲಿ ಮಣ್ಣಿನಲ್ಲಿ ದೊರೆತುವು. ಅನುವಂಶದ ಪರೀಕ್ಷೆಯಿಂದ ಅವು ಯೂರೋಪಿನವರವಲ್ಲವೆಂದು ತಿಳಿದು, ದಾಖಲೆಗಳೊಡನೆ ತಾಳೆ ನೋಡಿ ಹೆಸರುಗಳನ್ನು ನಿಶ್ಚಯಿಸಿದರು. ೨೦೧೯ನೆಯ ಜೂನ್ ತಿಂಗಳಲ್ಲಿ, ಸುಮಾರು ಎಪ್ಪತ್ತೈದು ವರ್ಷಗಳ ಮೇಲೆ, ಆ ಅವಶೇಷಗಳ ಮೃತ್ತಿಕೆಯು ಅವರವರ ಮನೆತನಗಳ ಕೈಸೇರಿತು.

೪

ಇದುವರೆಗೆ ಹೇಳಿದ್ದು ರಣದಲ್ಲಿ ಮಡಿದವರ ವಿಷಯ. ರಣದಿಂದ ಮರಳಿ, ವೃದ್ಧನಾಗಿ, ಹೆಂಡಿರು ಮಕ್ಕಳಿಲ್ಲದೆ ಅಥವಾ ಇದ್ದೂ ಇಲ್ಲದಂತಾಗಿ ತೀರಿಕೊಂಡ ಮಾಜಿ ಸೈನಿಕನ ಗತಿಯೇನು? ಈ ಪ್ರಶ್ನೆಗೆ ಬಹು ಸ್ಪಷ್ಟವಾದ ಶಾಸನಗಳನ್ನು ಮಾಡಿದ ದೇಶವು ಅಮೆರಿಕಾ ಸಂಯುಕ್ತ ಸಂಸ್ಥಾನ.

ಅಲ್ಲಿ ಅಂತ್ಯಸಂಸ್ಕಾರವನ್ನು ಫ್ಯೂನರಲ್ ಹೋಮ್ ಎಂಬ ಖಾಸಗಿ ಸಂಸ್ಥೆಗಳು ನಡೆಸಿಕೊಡುತ್ತವೆ. ದೇಹವನ್ನು ದಹಿಸಿ ಭಸ್ಮವನ್ನು ಕರಂಡದಲ್ಲಿ ತುಂಬಿ ಬಂಧುಗಳಿಗೆ ಒಪ್ಪಿಸುವುದು ಅವುಗಳ ವಾಡಿಕೆ. ಕೊಂಡೊಯ್ಯುವವರು ಬಾರದಿದ್ದರೆ ಕರಂಡವು ಕಪಾಟಿನಲ್ಲಿಯೇ ಉಳಿಯುತ್ತದೆ. ಹೀಗೆ ಉಳಿದ ಭಸ್ಮವನ್ನು ವಿಸರ್ಜಿಸಿದರೆ ನಾಳೆ ಯಾರಾದರೂ ಬಂದು ದಾವೆ ಹೂಡಿಯಾರೆಂಬ ಹೆದರಿಕೆಯಿಂದ ಎಷ್ಟೋ ಸಂಸ್ಥೆಗಳು ದಶಕಗಳ ಕಾಲ ಅವನ್ನು ಹಾಗೆಯೇ ಇಟ್ಟುಕೊಂಡುವು. ಒರೆಗಾನ್ ಸಂಸ್ಥಾನದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಮಾತ್ರವೇ ಸುಮಾರು ೩,೫೦೦ ತಾಮ್ರದ ಡಬ್ಬಿಗಳು ಕಿಲುಬು ಹಿಡಿದು ಬಿದ್ದಿದ್ದುವು. ಅವುಗಳಲ್ಲಿ ಸೈನಿಕರವೂ ಇದ್ದುವು. ೨೦೧೪ರಲ್ಲಿ ಅವುಗಳಿಗೆ ತಕ್ಕ ಸ್ಮಾರಕವಾಯಿತು.

೨೦೦೭ರಲ್ಲಿ ಮಾಜಿ ಸೈನಿಕರೂ ಇತರ ಸ್ವಯಂಸೇವಕರೂ ಸೇರಿ ‘ಮಿಸ್ಸಿಂಗ್ ಇನ್ ಅಮೆರಿಕಾ’ ಎಂಬ ಕಾರ್ಯವನ್ನು ಆರಂಭಿಸಿದರು. ಅವರು ಊರೂರಿನ ಸಂಸ್ಕಾರಸಂಸ್ಥೆಗಳಿಗೆ ಹೋಗಿ, ಕಪಾಟುಗಳಲ್ಲಿರುವ ಕರಂಡಗಳ ಹೆಸರುಗಳನ್ನು ಬರೆದುಕೊಂಡು, ಸರಕಾರದ ಸೈನಿಕ ದಾಖಲೆಗಳೊಡನೆ ಹೋಲಿಸಿ, ಸೈನಿಕರದೆಂದು ಖಚಿತವಾದುವನ್ನು ಸೈನಿಕಶ್ಮಶಾನಗಳಲ್ಲಿ ಮರ್ಯಾದೆಯಿಂದ ನೆಲೆಗೊಳಿಸುತ್ತಾರೆ. ಇದಕ್ಕೆ ಅನುಕೂಲವಾಗುವಂತೆ ಅನೇಕ ಸಂಸ್ಥಾನಗಳು ಕಾನೂನುಗಳನ್ನು ಮಾಡಿದುವು. ವಿವರಗಳು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆಯಾದರೂ ಸಾರವು ಒಂದೇ. ಸಂಸ್ಥೆಯು ನಿಯತವಾದ ಅವಧಿಯವರೆಗೆ ಕಾಯಬೇಕು. ಬಂಧುಗಳನ್ನು ಹುಡುಕಲು ಪ್ರಾಮಾಣಿಕವಾದ ಪ್ರಯತ್ನವನ್ನು ಮಾಡಬೇಕು. ಮೃತನ ಹೆಸರು ಮೊದಲಾದ ವಿವರಗಳನ್ನು ಸರಕಾರದ ಮಾಜಿ ಸೈನಿಕರ ಇಲಾಖೆಗೆ ಅಥವಾ ಮಾನ್ಯವಾದ ಸಂಘಕ್ಕೆ ತಿಳಿಸಬಹುದು. ಅರ್ಹತೆಯು ಸಿದ್ಧವಾದರೆ ಭಸ್ಮವನ್ನು ಒಪ್ಪಿಸಬಹುದು. ಹೀಗೆ ಸದ್ಭಾವದಿಂದ ಒಪ್ಪಿಸಿದ ಸಂಸ್ಥೆಯ ಮೇಲೆ ದಾವೆ ನಡೆಯದು. ೨೦೧೩ನೆಯ ಜನವರಿ ೧೦ರಂದು ಅಧ್ಯಕ್ಷರ ಅಂಕಿತವನ್ನು ಪಡೆದ ಕೇಂದ್ರ ಶಾಸನವೊಂದು, ಬಂಧುಗಳೂ ಹಣವೂ ಇಲ್ಲದ ಮಾಜಿ ಸೈನಿಕನಿಗೆ ಶವಪೆಟ್ಟಿಗೆಯನ್ನೋ ಕರಂಡವನ್ನೋ ಸರಕಾರವೇ ಒದಗಿಸುವಂತೆ ಅಧಿಕಾರ ಕೊಟ್ಟಿತು.

ವಿಷ್ಣುಪುರಾಣದ ಪಟ್ಟಿಯನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವೆನಿಸದು. ಮೊದಲು ಬಂಧುವಿಗಾಗಿ ಕಾಯುವುದು. ಅವನಿಲ್ಲದಿದ್ದರೆ ಒಂದೇ ಸಮವಸ್ತ್ರವನ್ನು ಧರಿಸಿದ ಸಂಘಾತದವರು ಬರುವುದು. ವೆಚ್ಚಕ್ಕೂ ನೆಲಕ್ಕೂ ಅರಸು ನಿಲ್ಲುವುದು. ಹೊಸದಾಗಿ ಸೇರಿದ ಮಾತು ಒಂದೇ. ಭಸ್ಮವನ್ನು ಕಾದಿಟ್ಟ ನಡುವಣ ವ್ಯಕ್ತಿಗೆ ಅಭಯವನ್ನು ಕೊಟ್ಟದ್ದು. ಒಳ್ಳೆಯ ಕೆಲಸವು ನಿಲ್ಲುವುದು ಅನೇಕ ವೇಳೆ ಕೆಟ್ಟ ಮನಸ್ಸಿನಿಂದಲ್ಲ, ಕಾನೂನಿನ ಭಯದಿಂದ. ಆ ಭಯವು ಹೋದೊಡನೆ ಕಪಾಟುಗಳ ಬಾಗಿಲು ತೆರೆದುವು.

೫

ಇನ್ನು ಸ್ವದೇಶದ ಸ್ಥಿತಿಯನ್ನು ನೋಡಬಹುದು. ಅನಾಥ ದೇಹದ ವಿಷಯದಲ್ಲಿ ಭಾರತದ ನ್ಯಾಯವು ಮೌನವಾಗಿಲ್ಲ. ಸಂವಿಧಾನದ ೨೧ನೆಯ ಅನುಚ್ಛೇದವು ಕೊಟ್ಟ ಘನತೆಯು ಮೃತದೇಹಕ್ಕೂ ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ಪರಮಾನಂದ ಕಟಾರಾ ಅವರ ಅರ್ಜಿಯ ಸಂದರ್ಭದಲ್ಲಿ ಹೇಳಿತು. ೨೦೦೨ರಲ್ಲಿ, ಮನೆಮಾರಿಲ್ಲದೆ ಸತ್ತವರಿಗೂ ಅವರವರ ಧರ್ಮಾನುಸಾರವಾದ ಸಂಸ್ಕಾರವು ಸಲ್ಲಬೇಕೆಂಬ ವಿಷಯವು ಅದೇ ನ್ಯಾಯಾಲಯದ ಮುಂದೆ ಬಂದಿತು. ಕರ್ನಾಟಕದ ೧೯೫೭ರ ಅಂಗರಚನಾ ಶಾಸನದ ಪ್ರಕಾರ, ಕೇಳುವವರಿಲ್ಲದ ದೇಹವನ್ನು ವೈದ್ಯಕೀಯ ವಿದ್ಯಾಲಯಕ್ಕೆ ಕೊಡಬಹುದು. ಅದೂ ಒಂದು ಬಗೆಯ ಲೋಕೋಪಕಾರವೇ. ಮೃತರ ಅವಶೇಷಗಳನ್ನಿಟ್ಟ ಸ್ಥಳವನ್ನು ಅಕ್ರಮವಾಗಿ ಪ್ರವೇಶಿಸಿ ಅವಮಾನಿಸುವುದು ೧೮೬೦ರ ದಂಡಸಂಹಿತೆಯ ೨೯೭ನೆಯ ಕಲಮಿನಂತೆ ಅಪರಾಧವಾಗಿತ್ತು. ೨೦೨೪ನೆಯ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೦೧ನೆಯ ಕಲಮು ಆ ಸ್ಥಾನದಲ್ಲಿದೆ. ಆದರೆ ಈ ಶಾಸನಗಳ ದೃಷ್ಟಿಯು ದೇಹದ ಮೇಲಿದೆ, ಅವಮಾನವನ್ನು ತಡೆಯುವುದರ ಮೇಲಿದೆ. ಚಿತೆಯು ತಣ್ಣಗಾದ ಮೇಲೆ ಕೇಳುವವರಿಲ್ಲದೆ ಉಳಿದ ಮಡಕೆಯನ್ನು ಎಷ್ಟು ದಿನ ಇಡಬೇಕು, ಯಾರಿಗೆ ತಿಳಿಸಬೇಕು, ಯಾರು ನೀರಿಗೆ ಬಿಡಬೇಕೆಂಬುದನ್ನು ಅವು ವಿಚಾರಿಸುವುದಿಲ್ಲ.

ಈ ಕೊರತೆಯ ಅರಿವು ಕರ್ನಾಟಕಕ್ಕೆ ಕೋವಿಡ್ ಮಾರಿಯ ಕಾಲದಲ್ಲಿ ಉಂಟಾಯಿತು. ೨೦೨೧ರ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ದಹನವಾದ ನೂರಾರು ಜನರ ಅಸ್ಥಿಗಳನ್ನು ಕೊಂಡೊಯ್ಯಲು ಯಾರೂ ಬರಲಿಲ್ಲ. ಕೆಲವರ ಬಂಧುಗಳು ಸೋಂಕಿಗೆ ಅಂಜಿದ್ದರು. ಕೆಲವರ ಮನೆಯವರೆಲ್ಲ ಹಾಸಿಗೆ ಹಿಡಿದಿದ್ದರು. ಆಗ ಸರಕಾರವೇ ಮುಂದೆ ಬಂದು, ೨೦೨೧ನೆಯ ಜೂನ್ ೨ರಂದು ಕಂದಾಯ ಸಚಿವರಾಗಿದ್ದ ಆರ್. ಅಶೋಕ ಅವರ ಸಮ್ಮುಖದಲ್ಲಿ, ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಧಿಪೂರ್ವಕವಾಗಿ ವಿಸರ್ಜಿಸಿತು. ಪುರಾಣೋಕ್ತವಾದ ರಾಜಧರ್ಮವು ಪ್ರಜಾರಾಜ್ಯದಲ್ಲಿಯೂ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಆದರೆ ಆಪತ್ಕಾಲದಲ್ಲಿ ಮಾಡಿದ್ದನ್ನು ನಿತ್ಯದ ನಿಯಮವಾಗಿ ಮಾಡಿಕೊಳ್ಳುವುದು ಉಳಿದಿದೆ.

ಆ ನಿಯಮಕ್ಕೆ ಬೆಳಗಾವಿಗಿಂತ ಯೋಗ್ಯವಾದ ಊರು ಕರ್ನಾಟಕದಲ್ಲಿ ವಿರಳ. ರೆಜಿಮೆಂಟಿನ ಕೇಂದ್ರವು ಇಲ್ಲಿದೆ. ದಂಡಿನಿಂದ ನಿವೃತ್ತರಾದವರು ಮಹಾಂತೇಶ ನಗರದಂಥ ಬಡಾವಣೆಗಳಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ನೆಲೆಸಿದ್ದಾರೆ. ಮಕ್ಕಳು ದೂರದ ಪಟ್ಟಣಗಳಿಗೂ ಪರದೇಶಗಳಿಗೂ ಹೋಗಿರುವ ಈ ಕಾಲದಲ್ಲಿ ಮುದುಕರು ಒಂಟಿಯಾಗಿ ತೀರಿಕೊಳ್ಳುವುದು ಅಪರೂಪವಲ್ಲ. ಹೂಳುವ ಸಂಪ್ರದಾಯದವರಿಗೆ ಭಸ್ಮದ ಪ್ರಶ್ನೆಯು ಹುಟ್ಟದು. ಆದರೆ ಹೆಸರಿನ ಪ್ರಶ್ನೆಯು ಲಿಂಗಾಯತನಿಗೂ ಮುಸಲ್ಮಾನನಿಗೂ ಕ್ರೈಸ್ತನಿಗೂ ಒಂದೇ.

ಮಾಡತಕ್ಕದ್ದು ಹೆಚ್ಚೇನಿಲ್ಲ. ೧೯೬೯ರ ಜನನ ಮರಣ ನೋಂದಣಿಯ ಶಾಸನದ ಮೇರೆಗೆ ಶ್ಮಶಾನದ ಮೇಲ್ವಿಚಾರಕನು ಪ್ರತಿಯೊಂದು ಮರಣವನ್ನೂ ವರದಿಮಾಡಲು ಈಗಾಗಲೇ ಬದ್ಧನಾಗಿದ್ದಾನೆ. ಸದಾಶಿವನಗರದಂಥ ಶ್ಮಶಾನಗಳ ದಾಖಲೆಯಲ್ಲಿ, ಮೃತನು ಸೈನ್ಯದಲ್ಲಿದ್ದನೇ ಎಂಬ ಒಂದು ಕಲಮನ್ನು ಸೇರಿಸಿದರೆ ಸಾಕು. ಅಸ್ಥಿಯನ್ನು ಕೇಳುವವರು ಬಾರದಿದ್ದರೆ ಗೊತ್ತಾದ ಅವಧಿಯವರೆಗೆ ಹೆಸರು ಬರೆದು ಕಾದಿಡುವುದು, ಪತ್ರಿಕೆಯಲ್ಲಿ ಪ್ರಕಟಿಸುವುದು, ಆಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೆ ತಿಳಿಸುವುದು, ಸೇವೆಯು ದೃಢವಾದರೆ ಅಸ್ಥಿಯನ್ನು ಮಾಜಿ ಸೈನಿಕರ ಸಂಘಕ್ಕೆ ಒಪ್ಪಿಸಿ, ಒಪ್ಪಿಸಿದವನಿಗೆ ಕಾನೂನಿನ ರಕ್ಷಣೆಯನ್ನು ಕೊಡುವುದು. ವಿಸರ್ಜನೆಗೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯಿದ್ದಾಳೆ. ನೀರಿಗೆ ಬಿಡುವ ಮುನ್ನ ಹೆಸರನ್ನೂ ದಂಡನ್ನೂ ಗಟ್ಟಿಯಾಗಿ ಓದಿ, ಅದನ್ನೇ ಪುಸ್ತಕದಲ್ಲಿ ಬರೆದಿಡಬೇಕು. ಬಸ್ರಾದ ತಪ್ಪು ಇಲ್ಲಿ ಮರುಕಳಿಸಬಾರದು.

ವರ್ಷವೊಂದರಲ್ಲಿ ಇಂಥ ಅಸ್ಥಿಗಳು ಬಹಳವಿರಲಾರವು. ಒಂದೂ ಇರದ ವರ್ಷಗಳೂ ಬಂದಾವು. ಆದರೆ ಒಂದು ಇದ್ದರೂ ಅದಕ್ಕೆ ನಿಯಮವಿರಬೇಕು. ಅದಕ್ಕೆ ಬೇಕಾದದ್ದು ಒಂದು ದಾಖಲೆಯ ಪುಸ್ತಕ, ಬೀಗವಿರುವ ಒಂದು ಕಪಾಟು, ಮತ್ತು ವರ್ಷಕ್ಕೊಮ್ಮೆ ಹೊಳೆಯ ದಂಡೆಗೆ ಹೋಗಿ ಬರುವಷ್ಟು ಪುರಸತ್ತು.